ಕಲ್ಲಿಗೊಂದು ಚೊಂಬು ನೀರು

ಶನಿವಾರಸಂತೆಯ ಏಳೂವರೆ ಬಸ್ಸು
ಕೆರೆಯ ಏರಿ ತಿರುಗುವ ಹೊತ್ತಿಗೆ
ನಾನು ಅರ್ಧ ಬೆಟ್ಟ ಹತ್ತಿರುತ್ತೇನೆ.
ಸೆರಗಿನ ಗಂಟಲ್ಲಿ ಬಸದಿಯ ಬೀಗದಕೈ,
ಕೈಯಲ್ಲಿ ಚೊಂಬು.

ಮೇಲೆ ದೇವರಿಲ್ಲ. ಪೀಠವಿದೆ,
ಪೀಠದ ಮೇಲೆ ಎರಡು ಪಾದ, ಕಣಕಾಲಿನವರೆಗೆ.
ಉಳಿದದ್ದು ಮ್ಯೂಸಿಯಮ್ಮಿನಲ್ಲಿದೆ ಎನ್ನುತ್ತಾರೆ ಇಲಾಖೆಯವರು,
ಕೆರೆಯಲ್ಲಿದೆ ಎನ್ನುತ್ತಿದ್ದರು ನಮ್ಮ ಮಾವ.
ಬಾವಲಿಗಳಿಗೆ ಎರಡೂ ಒಂದೇ.

ಪುಸ್ತಕದಲ್ಲಿ ಬರೆಯಬೇಕು:
ಬಂದವರ ಹೆಸರು, ಊರು, ಸಹಿ.
ನಿನ್ನೆ ಸೊನ್ನೆ.
ಹೋದ ವಾರ ಹೂಮಳೆಗೆ ಓಡಿಬಂದು ನಿಂತ ಇಬ್ಬರು
ಸಹಿ ಹಾಕದೆ ಹೋದರು.
ಆನೆ ಬಂದದ್ದಕ್ಕೆ ಕಾಲಮ್ಮಿಲ್ಲ.
ಅದು ಕಂಬಕ್ಕೆ ಬೆನ್ನುಜ್ಜಿ, ಕೆಸರು ಮೆತ್ತಿ,
ಪುಟ್ಟಸೋಮಣ್ಣನ ಬಾಳೆಗೆ ಇಳಿದು ಹೋಗಿದೆ.

ಬಾಗಿಲ ಬಲಕ್ಕೆ ವಾಲಿ ಮಲಗಿದ ನಿಸಿದಿಗಲ್ಲು.
ಒಣಗಿದ್ದಾಗ ಬರೀ ಕಲ್ಲು.
ನೀರು ಸುರಿದರೆ ಅಕ್ಷರ ಏಳುತ್ತವೆ,
ಗುಡುಗಿಗೆ ಅಣಬೆ ಎದ್ದ ಹಾಗೆ.

ಮೈಸೂರಿನಿಂದ ಒಬ್ಬಳು ಹುಡುಗಿ ಬಂದಿದ್ದಳು.
ನೆನೆದ ಕಾಗದ ಬಡಿದು, ಮಸಿ ಹಚ್ಚಿ, ಬೆರಳಿಟ್ಟು ಓದಿದಳು:
ಮೂವತ್ತೆರಡು ದಿನ ಅನ್ನ ಬಿಟ್ಟು
ಮುಡಿಪಿದಳ್.
ಯಾರು ಎಂದೆ.
ಯಬ್ಬೆ, ಎಂದಳು. ಮೊದಲಕ್ಷರ ಸವೆದಿದೆ ಅಮ್ಮಾ,
ಜಕ್ಕಿಯಬ್ಬೆಯೋ, ಚಾಗಿಯಬ್ಬೆಯೋ.

ಸವೆದದ್ದಲ್ಲ, ಮಸೆದದ್ದು.
ಕುಯ್ಲಿಗೆ ಮುಂಚೆ ಊರ ಹೆಂಗಸರೆಲ್ಲ
ಕುಡುಗೋಲು ಹಿಡಿದು ಇಲ್ಲಿಗೇ ಹತ್ತುತ್ತಿದ್ದರು.
ಒಳ್ಳೇ ಕಲ್ಲು ಕಣೇ, ನಾಲ್ಕು ಸಲ ಉಜ್ಜಿದರೆ ಸಾಕು,
ಎನ್ನುತ್ತಿದ್ದರು ನಮ್ಮತ್ತೆ ದ್ಯಾವಮ್ಮ.
ಮದುವೆಯಾಗಿ ಬಂದ ವರ್ಷ ನಾನೂ ಉಜ್ಜಿದೆ.
ಅನ್ನ ಬಿಟ್ಟವಳ ಹೆಸರಿನ ಮೇಲೆ
ಅನ್ನ ಕೊಯ್ಯುವ ಕಬ್ಬಿಣ.
ಹುಡುಗಿಗೆ ಇದನ್ನು ಹೇಳಲಿಲ್ಲ.
ಮಜ್ಜಿಗೆ ಕೊಟ್ಟೆ.

ಮುಡಿಪು ಅಂದರೆ ನನಗೆ ಗೊತ್ತಿದ್ದದ್ದು
ಮಗನ ಜ್ವರಕ್ಕೆ ಅರಿಶಿನದ ಬಟ್ಟೆಯಲ್ಲಿ
ಕಟ್ಟಿಟ್ಟ ಹನ್ನೊಂದು ರೂಪಾಯಿ.
ಇವಳು ತನ್ನನ್ನೇ ಕಟ್ಟಿಟ್ಟಳೆ?
ಯಾರ ಜ್ವರಕ್ಕೆ?

ಈಗ ಯಾರೂ ಮಸೆಯಲು ಬರುವುದಿಲ್ಲ.
ಕೆಳಗೆ ಗದ್ದೆಯೆಲ್ಲ ಶುಂಠಿಯ ಏರುಮಡಿ.
ಅದರಾಚೆ ಸಿಲ್ವರ್ ಮರಗಳ ಕೆಳಗೆ
ಕಾಫಿ ಗಿಡಗಳು ಒಂದೇ ರಾತ್ರಿಗೆ ಬೆಳ್ಳಗೆ ಮುಡಿದು ನಿಂತಿವೆ.
ಪುಷ್ಪಗಿರಿ ಇದ್ದರೆ ಇದೆ, ಮಂಜಿದ್ದರೆ ಇಲ್ಲ.

ಚೊಂಬು ಬಗ್ಗಿಸುತ್ತೇನೆ. ನನಗೆ ಆ ಲಿಪಿ ಬಾರದು,
ಎಲ್ಲಿ ಏನಿದೆ ಅಂತ ಮಾತ್ರ ಗೊತ್ತು.
ಬಿಸಿಲು ಕೊನೆಯ ಸಾಲಿಂದ ಶುರುಮಾಡುತ್ತದೆ:
ಮುಡಿಪಿದಳ್ ಆರಿತು,
ಮೂವತ್ತೆರಡು ದಿನ ಆರಿತು,
ಯಬ್ಬೆಯೂ ಆರಿತು.
ಮಸೆದ ಗೀರುಗಳಲ್ಲಿ ಮಾತ್ರ
ನೀರು ಇನ್ನೂ ನಿಂತಿದೆ.
ಕಾಫಿ ಹೂವಿಂದ ಬಂದ ಒಂದು ತುಡುವೆ ಜೇನು
ಅಲ್ಲಿ ಕೂತು ಕುಡಿಯುತ್ತದೆ.