ಮುಚ್ಚಿದ ಅಂಗಡಿಯೊಳಗ ಕುಂತು

ನಮ್ಮ ಅಂಗಡಿ ಕಾಯಂ ಮುಚ್ಚೈತಂತ.
ಗೈಬುಸಾಬನ ಮೊಮ್ಮಗ ಫೋನ್ ತೋರಿಸಿದ,
ನಕಾಶದಾಗ ಕೆಂಪಕ್ಷರ.
ನಾನು ಗಾದಿ ಮ್ಯಾಲ ಕುಂತಿದ್ದೆ,
ಕೈಯಾಗ ಅರ್ಧ ಕಪ್ ಚಹಾ.

ಯಾರು ಹೇಳಿದರೋ ಅದಕ್ಕ.
ಹ್ವಾದ ತಿಂಗಳ ಬೀಗರು ತೀರಿಕೊಂಡಾಗ
ಮೂರು ದಿನ ಬಾಗಲಾ ಹಾಕಿದ್ದು ಖರೆ.
ಗುಳೇದಗುಡ್ಡಕ್ಕೆಲ್ಲ ಗೊತ್ತದು, ಮಣ್ಣಿಗೂ ಬಂದಿದ್ರು.
ಮುಚ್ಚಿದ್ದು ಕಂಡ ಕಣ್ಣಿಗೆ
ತೆರದದ್ದು ಕಾಣಲಿಲ್ಲೇನು?

‘ಖಣದ ಚಿತ್ರ ಎಲ್ಲಾ ಏರಿಸಿ ಬಿಡ್ರಿ ಕಾಕಾ,
ನಂಬರ್ ಕೊಡ್ರಿ, ತಾನ ತೆರೀತೈತಿ.’

ಒಂದು ಬಿಚ್ಚಿದೆ. ರಾಚಪ್ಪ ನೇದದ್ದು.
ಹಾಸು ಕೆಂಪು, ಹೊಕ್ಕು ಹಸರು.
ನೆಟ್ಟಗ ಹಿಡದರ ದಾಳಿಂಬ್ರಿ,
ಚೂರು ವಾರಿ ಮಾಡಿದರ ಗಿಳಿ.
ಹುಡುಗ ನಾಕು ಸಲ ಫೋಟೋ ಹೊಡದ.
ನಾಕರಾಗೂ ಒಂದ ಬಣ್ಣ,
ಅದೂ ನನ್ನ ಖಣದ್ದಲ್ಲ.

ರಾಚಪ್ಪನ ಹೆಸರು ಎಲ್ಲಿ ಬರೀತಿ ಅಂದೆ.
ಜಾಗಾ ಇಲ್ಲಂದ.

ಹೋಗು ತಮ್ಮಾ. ಮುಚ್ಚೇ ಇರಲಿ.
ಗಿರಾಕಿ ಕಮ್ಮಿ ಆಗ್ಯಾರ, ಸುಳ್ಳ್ಯಾಕ ಹೇಳಲಿ,
ಫೋನು ನನಗೂ ಬೇಕು, ಮಗಳ ಕೂಡ ಮಾತಾಡಾಕ.
ಆದರ ನಾನು ಇದ್ದೀನೋ ಇಲ್ಲೋ ಅಂತ
ಅದನ್ನ ಕೇಳಲ್ಯಾ?

ಸಂಜೀಕ ಕೆರೂರಿನಾಕಿ ಒಬ್ಬಾಕಿ ಬಂದಳು.
‘ಬೇವಿನ ಗಿಡ ದಾಟಿ, ಮಗ್ಗದ ಸಪ್ಪಳ ಕೇಳಿದಲ್ಲಿ
ಹೊಳ್ಳು ಅಂದ್ರರಿ.’
ಚೀಲದಾಗಿಂದ ಅವ್ವನ ಸೀರಿ ಸೆರಗು ತೆಗದು
ಬಾಗಲ ಬೆಳಕಿನಾಗ ಖಣ ತಿರುವಿದಳು,
ಇನ್ನೊಂದು, ಮತ್ತೊಂದು.
ಗಾದಿ ತುಂಬ ಮುಕ್ಕೋಣ.
ಒಂದೂ ಕೂಡಲಿಲ್ಲ.

ರಾಚಪ್ಪಗ ಹೇಳತೀನಿ, ಅಮಾಸಿ ಮುಂದ ಬಾ ಅಂದೆ.
ಗುರುತಿಗೆ ಇರಲೆಂದು
ಸೆರಗಿನ ಒಂದು ಎಳಿ ಜಗ್ಗಿ ಕೊಟ್ಟಳು.

ಗಲ್ಲಾದಾಗ ಇಟ್ಟೀನಿ,
ಹತ್ತರ ನೋಟಿನ ನಡು.