ಹದಿನೇಳನೇ ಮೈಲಿ

ನಮ್ಮೂರಿಗೆ ಹೆಸರಿಲ್ಲ, ಅಂಕಿಯಿದೆ.
ಭದ್ರಾವತಿಯ ಕುಲುಮೆಯಿಂದ ಕಾಡಿನೊಳಕ್ಕೆ
ಟ್ರಾಮ್ ಹಳಿ ಹಾಸುತ್ತ ಬಂದವರು
ಇಲ್ಲೊಂದು ಕಲ್ಲು ನೆಟ್ಟು, ಸುಣ್ಣ ಬಳಿದು
ಹದಿನೇಳು ಅಂತ ಬರೆದರಂತೆ.
ಆ ಕಲ್ಲೂ ಈಗಿಲ್ಲ;
ಕನ್ನಿಯಪ್ಪನ ಬಚ್ಚಲಲ್ಲಿ ಬೋರಲು ಮಲಗಿದೆ ಅನ್ನುತ್ತಾರೆ.
ಅವನು ಒಪ್ಪುವುದಿಲ್ಲ.

ಸೌದೆ ಹೇರಲು ಸೇಲಂ ಕಡೆಯವರು,
ಇದ್ದಿಲು ಸುಡಲು ತಾಂಡಾದವರು,
ಲೆಕ್ಕ ಬರೆಯಲು ಪಾಲಕ್ಕಾಡಿನ ಒಬ್ಬನೇ ಒಬ್ಬ ಮೇಸ್ತ್ರಿ.
ಅವನು ನೆಟ್ಟ ಹಲಸು
ಇವತ್ತಿಗೂ ಕಾಯುತ್ತದೆ, ಎರಡೂ ಅರ್ಥದಲ್ಲಿ.

ಒಂದು ಬೇಸಿಗೆ ಬಂದು ಹಳಿ ಕಿತ್ತುಕೊಂಡು ಹೋದರು.
ಜನರನ್ನು ಕೀಳಲು ಯಾರಿಗೂ ಆರ್ಡರ್ ಇರಲಿಲ್ಲ.

ರಾತ್ರೋರಾತ್ರಿ ಸೊಪ್ಪಿನಡಿ ಬಚ್ಚಿಟ್ಟ ತುಂಡುಗಳು
ಆಮೇಲೆ ಮೆಲ್ಲಗೆ ಮನೆ ಸೇರಿದವು:
ಒಂದು ಸೂರಿಗೆ ತೊಲೆ, ಒಂದು ಎಮ್ಮೆಗೆ ಗೂಟ,
ಒಂದರ ಮೇಲೆ ಸವರಿಮುತ್ತುವಿನ ಅಪ್ಪ
ಸಾಯುವ ತನಕ ಕತ್ತಿ ತಟ್ಟಿದ.
ಮೂರಡಿಯದೊಂದು
ಶಾಲೆಯ ಜಗಲಿಯಲ್ಲಿ ತೂಗಿ ಗಂಟೆಯಾಯಿತು.

ನಾನು ಇಲ್ಲಿಯ ಕೊನೆಯ ಮೇಷ್ಟ್ರು.
ಇರುವುದು ಐದು ಮಕ್ಕಳು. ಜೂನಿನಿಂದ ಅವರೂ
ಹನ್ನೊಂದು ಕಿಲೋಮೀಟರ್ ಆಚೆಯ ಶಾಲೆಗೆ.
ವಿಲೀನ, ಅನ್ನುತ್ತದೆ ಇಲಾಖೆ.
ನೀರಿಗೆ ಉಪ್ಪು ಬಿದ್ದ ಹಾಗಿರುವ ಮಾತು.

ಸಾಮಾನು ಒಪ್ಪಿಸಬೇಕಲ್ಲ,
ಡೆಡ್ ಸ್ಟಾಕ್ ರಿಜಿಸ್ಟರ್ ಬಿಚ್ಚಿ ಕೂತೆ.
ಕುರ್ಚಿ ಎರಡು, ಕಾಲು ಏಳು.
ಗ್ಲೋಬ್ ಒಂದು, ಆಫ್ರಿಕಾ ಸವೆದದ್ದು.
ಜಿಲ್ಲೆಯ ನಕಾಶೆ ಒಂದು, ಅದರಲ್ಲಿ ನಾವಿಲ್ಲ.
ಗಂಟೆ?
ಹಿಂದಕ್ಕೆ, ಇನ್ನೂ ಹಿಂದಕ್ಕೆ ಮಗುಚಿದೆ,
ಬೆಳ್ಳಿಮೀನು ಕೊರೆದ ಮೊದಲ ಪುಟದವರೆಗೆ.
ಎಲ್ಲೂ ಇಲ್ಲ. ರಸೀದಿಯಿಲ್ಲ, ಬೆಲೆಯಿಲ್ಲ,
ಕೊಟ್ಟವರ ಹೆಸರಿಲ್ಲ.
ಕದ್ದ ಮಾಲು.
ಮೂರು ತಲೆಮಾರು ಅದರ ಮಾತಿಗೆ ಎದ್ದು ನಿಂತಿದೆ.

ಬಿಸಿಯೂಟದ ಸೌಟು ತೊಳೆಯುತ್ತಿದ್ದ ಘಮಲಿಬಾಯಿ
ತಲೆಯೆತ್ತದೆ ಅಂದಳು:
"ಬರೀಬೇಡಿ ಮೇಷ್ಟ್ರೇ. ಬರೆದ್ರೆ ಹೊತ್ಕೊಂಡು ಹೋಗ್ತಾರೆ.
ನಮ್ಮನ್ನ ಯಾರೂ ಬರ್ಕೊಳ್ಳದೇ ಇದ್ದಿದ್ದಕ್ಕೇ ಅಲ್ವಾ
ನಾವಿನ್ನೂ ಇಲ್ಲಿರೋದು?"

ಹಕ್ಕುಪತ್ರಕ್ಕೆ ಮೂವತ್ತು ವರ್ಷ ಅರ್ಜಿ ಕೊಟ್ಟ ಹೆಂಗಸು
ಈ ಮಾತು ಅಂದದ್ದು
ನಗುತ್ತಲೋ ಹೇಗೋ, ನನಗೆ ತಿಳಿಯಲಿಲ್ಲ.

ಪೆನ್ನು ಮುಚ್ಚಿದೆ. ಷರಾ ಕಾಲಮಿನಲ್ಲಿ
ಒಂದು ಅಡ್ಡಗೆರೆ, ಕೆಳಗೆ ಸಹಿ.

ಬೆಳಗ್ಗೆ ಬಂದರೆ ಜಗಲಿಯ ಕೊಕ್ಕೆ ಖಾಲಿ.
ಹಲಸಿನ ಬುಡದಲ್ಲಿ ಎದುರಾದ ಕನ್ನಿಯಪ್ಪ,
ಅಂಗೈ ತುಂಬ ಕೆಂಪು ತುಕ್ಕು.
ನಾನಿನ್ನೂ ಬಾಯಿ ತೆರೆದಿರಲಿಲ್ಲ,
"ನಾನಲ್ಲ" ಅಂದ.