ಕಡೀ ಸುತ್ತು

ಮುಂದಿನ ಸಾಲಿನ ಕುರ್ಚಿಗೆ ಚೀಟಿ ಅಂಟಿಸಿದ್ರು:
ಶ್ರೀಮತಿ ರುಕ್ಮಿಣಿ, ಮಾಜಿ ಸೈಕಲ್ ಪಟು.
ನಾ ರುಕ್ಮವ್ವ. ಇರಲಿ ಅಂತ ಕುಂತೆ.
ಉಗುರಿನ ಸಂದ್ಯಾಗ ಗ್ರೀಸು ಇತ್ತು,
ಸೆರಗಿನಾಗ ಕೈ ಮುಚ್ಚಿಕೊಂಡೆ.

ಸಾಲಿಮಠ ಸರ್ ಹನ್ನೊಂದು ಪುಸ್ತಕ ಬರದವರು.
ಪಿಚ್ಚರಿನ ಬಗ್ಗೆ ಐದು ಮಿನಿಟು ಮಾತಾಡ್ತೀನಿ ಅಂತ ಎದ್ದವರು
ಅರ್ಧ ತಾಸಾದ್ರೂ ಇಳೀಲಿಲ್ಲ.
'ಪ್ರೇಮವೂ ಒಂದು ಪಂದ್ಯವೇ' ಅಂದ್ರು,
'ಇಲ್ಲಿ ಸೋತವರಿಗೇ ಪದಕ' ಅಂದ್ರು.
ಹಿಂದ ಕ್ರೀಡಾ ಹಾಸ್ಟೆಲಿನ ಹುಡುಗೂರು
ಶೇಂಗಾ ಒಡ್ಯಾಕ ಹತ್ತಿದ್ರು.
ಆಮ್ಯಾಲ ಅವರು ಕನ್ನಡಕ ತಗದು ಒರಿಸಿ,
'ಖರೇ ಹೇಳ್ಬೇಕಂದ್ರ
ನನಗ ಸೈಕಲ್ ಹೊಡ್ಯಾಕ ಬರಂಗಿಲ್ಲ' ಅಂದ್ರು.
ಅದೊಂದಕ್ಕ ಎಲ್ಲಾರೂ ಚಪ್ಪಾಳಿ ಹೊಡದ್ರು.

ಪಿಚ್ಚರಿನಾಗ
ಹೀರೋನ ಅಂಗಿಗೆ ಬೆವರು ಹತ್ತಂಗಿಲ್ಲ,
ಯಾರ ಮೀನಖಂಡನೂ ಹಿಡಕೊಳ್ಳಂಗಿಲ್ಲ.
ಅಂವ ಸೈಕಲ್ಲಿನವ, ಅಕಿನೂ ಸೈಕಲ್ಲಿನಕಿ.
ಜಗಳಾಡ್ತಾರ, ಹಾಡ್ತಾರ, ಮತ್ತ ಜಗಳಾಡ್ತಾರ,
ಇಬ್ಬರಿಗೂ ಜಿದ್ದು ಬೀಳತೈತಿ.
ಗಾಳಿ ಒಂದು ಬರೋಬ್ಬರಿ ತಗದಿದ್ರು,
ಎದುರುಗಾಳಿ, ಕಿವ್ಯಾಗ ಹರಕು ಅರಿವಿ ಬಡದಂಗ.
ಆ ಸಪ್ಪಳ ಕೇಳಿದಕೂಡ್ಲೆ
ನಾ ಕುರ್ಚಿ ಬಿಟ್ಟು ತಿಕೋಟಾ ರಸ್ತಾದಾಗಿದ್ದೆ:

ನಸುಕಿನ ಐದು.
ಒಣದ್ರಾಕ್ಷಿ ಶೆಡ್ಡಿನ ಸೀ ವಾಸನಿ.
ಮುಂದ ದಸ್ತಗೀರ, ಅವನ ಹಿಂದಿನ ಗಾಲಿಗೆ
ಗೇಣು ಬಿಟ್ಟು ನನ್ನ ಮುಂದಿನ ಗಾಲಿ.
ಗೊತ್ತಿಲ್ಲದವರಿಗೆ ಹೇಳತೀನಿ,
ಮುಂದಿನವ ಗಾಳಿ ಸೀಳತಾನ,
ಹಿಂದಿನವರು ಆ ಸೀಳಿನೊಳಗ ಹೋದ್ರ
ಅರ್ಧ ದಮ್ಮು ಉಳೀತದ.
ಎರಡು ಕಿಲೋಮೀಟರಿಗೊಮ್ಮೆ ಪಾಳಿ ಬದಲಾಗಬೇಕು,
ಮುಂದಿನವ ಮೊಣಕೈ ಝಾಡಿಸಿ ಕರೀಬೇಕು.
ಅಂವ ಕರೀತಿದ್ದಿಲ್ಲ.
ಒಂದಿಡೀ ಹಂಗಾಮು ನಾ ನೋಡಿದ್ದು
ಅವನ ಬೆನ್ನು. ಬೆವರು ಒಣಗಿ
ಉಪ್ಪಿನ ಬಿಳೀ ಗೆರಿ ಎದ್ದಿದ್ದ ಆ ಅಂಗಿ
ಈಗ್ಲೂ ಕಣ್ಣು ಮುಚ್ಚಿ ಬರದು ಕೊಟ್ಟೇನು.
ಮಾರಿ ಕೇಳಿದ್ರ ತಡವರಿಸತೀನಿ.

ಒಂದಿನ ನಾನ ಹೊರಗ ಬಂದೆ.
ಅವನ್ನ ದಾಟಿದೆ. ಗಾಳಿ
ಬಾಗಿಲಾ ತಗದಂಗ ಎದಿಗೆ ಬಡೀತು.
ಮೈಲುಗಲ್ಲಿನ ಹತ್ರ ತಿರುಗಿ ನೋಡಿದ್ರ
ಅಂವ ಕಾಲು ಕೆಳಗ ಊರಿ ನಿಂತಿದ್ದ.
'ಚೈನು ಬಿತ್ತು' ಅಂದ.
ಚೈನು ಬಿದ್ದವರ ಕೈ ಕರ್ರಗಿರತಾವ.
ಅವನ ಕೈ ಸ್ವಚ್ಛ ಇದ್ವು.
ಮರುದಿನದಿಂದ ಅಂವ ಸಿಂದಗಿ ರಸ್ತಾ ಹಿಡದ,
ಮುಂದ ರೈಲ್ವೇದಾಗ ನೌಕರಿ ಹಿಡದ.

ಪಡದಿಮ್ಯಾಲ ಗಂಟಿ ಹೊಡದ್ರು, ಕಡೀ ಸುತ್ತು.
ಅಂವ ಮುಂದ, ಅಕಿ ಅವನ ಹಿಂದಿನ ಗಾಲಿಗೆ.
ಕರೆಂಟು ಹೋತು.

ಜನರೇಟರಿಗೆ ಡೀಸೆಲ್ ಇಲ್ಲ. ಸಿಳ್ಳಿ, ಕೂಗಾಟ.
'ಯಾರು ಗೆದ್ದರ್ರೀ? ಸರ್, ನೀವು ನೋಡೀರಲ್ಲ, ನೀವ ಹೇಳ್ರಿ.'
ಹುಡುಗೂರು ಫೋನಿನ ಬೆಳಕು ಹಿಡದ್ರು.
ಸಾಲಿಮಠ ಸರ್ ಎದ್ದರು, ಈ ಸಲ ಕಾಗದಿಲ್ಲದ.
ಆ ಬೆಳಕು ತಟಗು ನನ್ನ ಮ್ಯಾಲೂ ಬಿದ್ದಿತ್ತು.
'ಆಕೆ ಹೊರಗೆ ಬರುತ್ತಾಳೆ' ಅಂದ್ರು.
'ಆತನನ್ನು ದಾಟುತ್ತಾಳೆ.
ಆತ ಹಿಂದೆ ಬೀಳುತ್ತಾನೆ. ಬಿದ್ದರೂ ತುಳಿಯುತ್ತಾನೆ.'
ಸುಮ್ಮನಾದ್ರು. ಆಮ್ಯಾಲ,
'ಏನೂ ನೆವಾ ಹೇಳಂಗಿಲ್ಲ ನೋಡ್ರಿ ಅಂವ' ಅಂದ್ರು.
'ಮದುವಿ ಆಗತಾರೇನ್ರಿ?' ಅಂತ ಒಬ್ಬ ಕೇಳಿದ.
'ಅದು ನೆನಪಿಲ್ಲಪಾ.'

ಕತ್ತಲಾಗ ಮೆಟ್ಟಲಾ ತಡಕಾಡಿ
ಎಲ್ಲಾರೂ ಹೊರಗ ಬಂದೆವು.

ಹದಿನೈದು ದಿನ ಬಿಟ್ಟು, ಅಂಗಡ್ಯಾಗ
ಟ್ಯೂಬು ನೀರಾಗ ಅದ್ದಿ ಗುಳ್ಳಿ ಹುಡುಕೂ ಮುಂದ
ಕೆಲಸದ ಹುಡುಗ ಫೋನು ಹಿಡದ, 'ನೋಡ್ರಿ ಅಕ್ಕಾರ, ಕಡೀದು.'
ಅಕಿ ಗೆರಿ ಮುಟ್ಟೂ ಮುಂದ ಬ್ರೇಕು ಹಿಡೀತಾಳ,
ನಕ್ಕೋತ. ಅಂವ ಗೆಲ್ಲತಾನ.
ಹೂವು ಉದುರತಾವ, ಹಾಡು.

ಸಾಲಿಮಠ ಸರ್ ಮರತಿದ್ರೋ
ಬೇಕಂತ ಸುಳ್ಳು ಹೇಳಿದ್ರೋ.
ಬಂದಾಗ ಕೇಳೂಣು ಅಂದ್ರ
ಪಂಚರ್ ಹಾಕಸಾಕ ಅವರಿಗೆ
ಸೈಕಲ್ಲರ ಎಲ್ಲೈತಿ.